ಮೇದಾಮ್ಲದಹನವೂ ಎ. ಸಿ. ಎ. ಡಿ. ಎಂ. ಎಂಬ ವಂಶವಾಹಿಯೂ

ಕಾರ್ಯಕಾರಣಭಾವವನ್ನು ನಿಶ್ಚಯಿಸುವುದಕ್ಕೆ ನಮ್ಮ ತಾರ್ಕಿಕರು ಅನ್ವಯ, ವ್ಯತಿರೇಕ ಎಂಬ ಎರಡು ಮಾರ್ಗಗಳನ್ನು ಹೇಳಿರುತ್ತಾರೆ. ಒಂದು ಇದ್ದರೆ ಮತ್ತೊಂದೂ ಇರುವುದೆಂದು ಕಾಣುವುದು ಅನ್ವಯ. ಒಂದು ಇಲ್ಲದಿದ್ದರೆ ಮತ್ತೊಂದೂ ಇಲ್ಲದೆ ಹೋಗುವುದೆಂದು ಕಾಣುವುದು ವ್ಯತಿರೇಕ. ಇವೆರಡರಲ್ಲಿ ವ್ಯತಿರೇಕದ ಬಲವು ಎಷ್ಟೆಂಬುದಕ್ಕೆ ಇಂದಿನ ಶಾರೀರವಿಜ್ಞಾನದಲ್ಲಿ ಉದಾಹರಣೆಗಳು ಹೇರಳವಾಗಿ ದೊರೆಯುತ್ತವೆ. ಅವುಗಳಲ್ಲೊಂದರ ಚರಿತ್ರೆಯನ್ನು ಇಲ್ಲಿ ನಿರೂಪಿಸಲು ಉದ್ದೇಶಿಸಿದ್ದೇವೆ. ಮನುಷ್ಯನ ಒಂದನೆಯ ವರ್ಣತಂತುವಿನ ಗಿಡ್ಡ ಭುಜದಲ್ಲಿ ಎ. ಸಿ. ಎ. ಡಿ. ಎಂ. ಎಂಬ ಐದು ಅಕ್ಷರಗಳ ಸಂಜ್ಞೆಯುಳ್ಳ ಒಂದು ವಂಶವಾಹಿಯಿರುವುದು. ಮಧ್ಯಮಶೃಂಖಲಾ ಅಸೈಲ್-ಕೋಎ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ನಿರ್ಮಿಸುವ ವಿಧಿಯು ಅದರಲ್ಲಿ ಬರೆದಿದೆ. ಈ ಉದ್ದನೆಯ ಹೆಸರು ಪದೇ ಪದೇ ಬಂದರೆ ವಾಚಕರಿಗೆ ಬೇಸರವಾದೀತು. ಆದುದರಿಂದ ಮುಂದೆ ಇದನ್ನು ಮಧ್ಯಮಕಿಣ್ವವೆಂದೇ ಕರೆಯುವೆವು. ಇದು ಇದ್ದವರಿಗೆ ಇದರ ಇರವೇ ತಿಳಿಯದು. ಇಲ್ಲದ ಶಿಶುಗಳು ರಾತ್ರಿ ಮಲಗಿ ಬೆಳಗ್ಗೆ ಏಳದೆ ಹೋದುದರಿಂದ ಇದರ ಮಹಿಮೆಯು ಲೋಕಕ್ಕೆ ತಿಳಿಯಬಂದಿತು.

ಕೊಬ್ಬು ಶರೀರದಲ್ಲಿ ನಿಧಾನವಾಗಿ ಉರಿದು ಶಾಖವನ್ನೂ ಶಕ್ತಿಯನ್ನೂ ಕೊಡುವುದೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಿದ್ಧವಾಗಿದ್ದಿತು. ಕೊಬ್ಬಿನ ಮುಖ್ಯಾಂಶವಾದ ಮೇದಾಮ್ಲವೆಂಬುದು ಹದಿನಾರೋ ಹದಿನೆಂಟೋ ಇಂಗಾಲದ ಪರಮಾಣುಗಳು ಸಾಲಾಗಿ ಕೂಡಿದ ಸರಪಣಿ. ಇಂತಹ ಸರಪಣಿಯು ಒಮ್ಮೆಗೇ ಒಡೆದುಹೋಗುವುದೋ, ಒಂದೊಂದು ಕೊಂಡಿಯಾಗಿ ಕಳಚುವುದೋ, ಬೇರೊಂದು ಕ್ರಮವುಂಟೋ ಎಂಬುದು ಮಾತ್ರ ತಿಳಿದಿರಲಿಲ್ಲ. ಜರ್ಮನಿಯ ಫ್ರೈಬುರ್ಗ್ ನಗರದ ಫ್ರಾಂಜ್ ಕ್ನೂಪ್ ಎಂಬ ವಿದ್ವಾಂಸರು ೧೯೦೪ರಲ್ಲಿ ಇದನ್ನು ಬಿಡಿಸಿದರು. ಅವರ ಉಪಾಯವು ನಮ್ಮ ದನಗಾಹಿಗಳ ಉಪಾಯದಂತಿದೆ. ಹಿಂಡಿನಲ್ಲಿ ಕೂಡಿಹೋಗುವ ತನ್ನ ಕರುವಿಗೆ ಮುದ್ರೆಯೊತ್ತಿ ಬಿಡುವಂತೆ ಅವರು ಮೇದಾಮ್ಲದ ತುದಿಗೆ ಶರೀರವು ಸುಡಲಾರದ ಬೆಂಜೀನ್ ಉಂಗುರವೊಂದನ್ನು ಜೋಡಿಸಿ, ಅದನ್ನು ನಾಯಿಗಳಿಗೆ ತಿನ್ನಿಸಿ, ಅವುಗಳ ಮೂತ್ರದಲ್ಲಿ ಆ ಮುದ್ರೆಯು ಯಾವ ರೂಪದಿಂದ ಹೊರಬೀಳುವುದೆಂದು ಪರೀಕ್ಷಿಸಿದರು. ಸರಪಣಿಯಲ್ಲಿ ಇಂಗಾಲಗಳ ಸಂಖ್ಯೆ ಬೆಸವಾಗಿದ್ದಲ್ಲಿ ಬೆಂಜೋಯಿಕ್ ಆಮ್ಲವು ಹಿಪ್ಪುರಿಕ್ ಆಮ್ಲವಾಗಿ ಹೊರಬಂದಿತು. ಸರಿಯಾಗಿದ್ದಲ್ಲಿ ಎರಡು ಇಂಗಾಲಗಳುಳಿದ ಫೀನೈಲ್ ಅಸಿಟಿಕ್ ಆಮ್ಲವೇ ಉಳಿಯಿತು. ಸರಪಣಿಯು ಎಷ್ಟೇ ಉದ್ದವಿರಲಿ, ಫಲವು ಈ ಎರಡರಲ್ಲೊಂದು. ಹಾಗಾದರೆ ಕಳಚುವುದು ಎರಡೆರಡು ಇಂಗಾಲಗಳಾಗಿ ಎಂಬುದು ಸಿದ್ಧವಾಯಿತು. ನಾಯಿಯ ಮೂತ್ರದಿಂದ ಹೊರಟ ಈ ಅನುಮಾನವು ಇಂದಿಗೂ ಅಬಾಧಿತವಾಗಿ ನಿಂತಿದೆ. ಅನುಮಾನಪ್ರಮಾಣಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನವನ್ನು ನಾವು ಪಾಶ್ಚಾತ್ಯ ಗ್ರಂಥಗಳಲ್ಲಿ ಕಂಡುದು ವಿರಳ.

ಮುಂದಿನ ಅರ್ಧಶತಮಾನದ ವೃತ್ತಾಂತವನ್ನು ಸಂಕ್ಷೇಪಿಸಬಹುದು. ಮೇದಾಮ್ಲವು ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮಾಂಗಗಳಲ್ಲಿ ದಹಿಸುವುದೆಂದು ಅಮೆರಿಕದ ಕೆನೆಡಿ ಮತ್ತು ಲೆನಿಂಜರ್ ಎಂಬವರು ೧೯೪೮–೪೯ರಲ್ಲಿ ತೋರಿಸಿದರು. ಕಳಚಿಬೀಳುವ ಎರಡು ಇಂಗಾಲದ ತುಂಡು ಕೋಎನ್‌ಜೈಮ್ ಎ ಎಂಬ ವಾಹಕವನ್ನು ಹಿಡಿದುಕೊಂಡಿರುವುದೆಂದು ಮ್ಯೂನಿಕ್ಕಿನ ಫಿಯೋಡೋರ್ ಲೀನೆನ್ ೧೯೫೧ರಲ್ಲಿ ಪ್ರಕಟಿಸಿದರು. ಇವರಿಗೆ ೧೯೬೪ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಪ್ರತಿಯೊಂದು ಸುತ್ತಿನ ಮೊದಲ ಹೆಜ್ಜೆಯಲ್ಲಿ ಸರಪಣಿಯಿಂದ ಎರಡು ಜಲಜನಕ ಪರಮಾಣುಗಳನ್ನು ತೆಗೆದುಹಾಕುವ ಕಿಣ್ವಗಳನ್ನು ವಿಸ್ಕಾನ್ಸಿನ್ನಿನಲ್ಲಿ ಡೇವಿಡ್ ಗ್ರೀನ್, ಹೆಲ್ಮುಟ್ ಬೈನರ್ಟ್ ಮೊದಲಾದವರು ೧೯೫೪ರಿಂದ ೧೯೫೬ರ ವರೆಗೆ ಹಸು ಹಂದಿಗಳ ಯಕೃತ್ತಿನಿಂದ ಬೇರ್ಪಡಿಸಿದರು. ಈ ಕಿಣ್ವವು ಒಂದಲ್ಲ, ಹಲವು. ಉದ್ದನೆಯ ಸರಪಣಿಗೆ ಒಂದು, ನಡುವಣದಕ್ಕೆ ಒಂದು, ಗಿಡ್ಡದಕ್ಕೆ ಮತ್ತೊಂದು. ಆರರಿಂದ ಹನ್ನೆರಡು ಇಂಗಾಲಗಳ ಸರಪಣಿಯ ಅಧಿಕಾರವು ಮುಖ್ಯವಾಗಿ ಮಧ್ಯಮಕಿಣ್ವದ್ದು. ಉದ್ದ ಸರಪಣಿಯು ಕಳಚುತ್ತ ಕಳಚುತ್ತ ನಡುವಳತೆಗೆ ಬಂದಾಗ ಮುಂದಿನ ಕೈಗೆ ಒಪ್ಪಿಸಲ್ಪಡುತ್ತದೆ. ಆ ಕೈ ಇಲ್ಲದಿದ್ದರೆ ಕೆಲಸವು ಅಲ್ಲಿಗೇ ನಿಲ್ಲುತ್ತದೆ.

ಹಾಗೆ ನಡುದಾರಿಯಲ್ಲಿ ನಿಂತುಬಿಡುವ ಆಮ್ಲಗಳಿಗೆ ಪಾಶ್ಚಾತ್ಯರು ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂದು ಹೆಸರಿಟ್ಟಿದ್ದಾರೆ. ಇವುಗಳ ಇಂಗಾಲಸಂಖ್ಯೆಗಳು ಕ್ರಮವಾಗಿ ಆರು, ಎಂಟು, ಹತ್ತು. ಲ್ಯಾಟಿನ್ ಭಾಷೆಯಲ್ಲಿ ಕಾಪ್ರಾ ಎಂದರೆ ಆಡು. ಆಡಿನ ಹಾಲಿನ ಕೊಬ್ಬಿನಲ್ಲಿ ಇವು ಹೆಚ್ಚಾಗಿರುವುದರಿಂದಲೂ ಆ ವಾಸನೆಯಿರುವುದರಿಂದಲೂ ಈ ಹೆಸರು ಬಂದಿತು. ನಾವು ಕನ್ನಡದಲ್ಲಿ ಅಜಾಮ್ಲಗಳೆಂದರೆ ತಪ್ಪಾಗಲಾರದು. ಮೇಲೆ ಹೇಳಿದ ಹಿಪ್ಪುರಿಕ್ ಎಂಬುದಾದರೋ ಗ್ರೀಕ್ ಭಾಷೆಯ ಕುದುರೆಯಿಂದ ಹುಟ್ಟಿದ್ದು. ಈ ಶಾಸ್ತ್ರದ ನಿಘಂಟಿನಲ್ಲಿ ಒಂದು ಪಶುಶಾಲೆಯೇ ಅಡಗಿದೆ.

ಈ ದಹನವು ಯಾವಾಗ ಅತ್ಯವಶ್ಯಕವಾಗುವುದೆಂಬುದನ್ನು ವಿವರಿಸದೆ ಮುಂದಿನದು ಬೋಧೆಯಾಗದು. ಉಂಡ ಅನ್ನದ ಸಕ್ಕರೆಯು ಕೆಲವು ಗಂಟೆಗಳ ವರೆಗೆ ನಡೆಯುವುದು; ಬಳಿಕ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯು ಸ್ವಲ್ಪ ಕಾಲ ಒದಗುವುದು. ಅದೂ ತೀರುತ್ತ ಬಂದಾಗ ಶರೀರವು ತನ್ನ ಕೊಬ್ಬಿಗೆ ಕೈಹಾಕುತ್ತದೆ. ಯಕೃತ್ತು ಮೇದಾಮ್ಲಗಳನ್ನು ಸುಟ್ಟು, ಅದರ ಬಲದಿಂದ ಹೊಸ ಸಕ್ಕರೆಯನ್ನು ನಿರ್ಮಿಸಿ, ಜೊತೆಗೆ ಕೀಟೋನ್ ಎಂಬ ವಸ್ತುಗಳನ್ನು ಮಾಡಿ ಮಿದುಳಿಗೆ ಕಳುಹಿಸುವುದು. ಪ್ರಾಯದವರಲ್ಲಿ ಕೂಡಿಟ್ಟ ಸಕ್ಕರೆಯು ಬಹುಹೊತ್ತು ನಿಲ್ಲುವುದು. ಎಳೆಯ ಮಕ್ಕಳಲ್ಲಿ ಸಂಗ್ರಹವು ಕಡಿಮೆ, ವ್ಯಯವು ಹೆಚ್ಚು. ಆದುದರಿಂದ ರಾತ್ರಿ ಉಣ್ಣದೆ ಮಲಗಿದ ಮಗುವಿಗೆ, ಅಥವಾ ಜ್ವರವಾಂತಿಗಳಿಂದ ಒಂದು ದಿನ ಆಹಾರವನ್ನು ಬಿಟ್ಟ ಮಗುವಿಗೆ, ಬೆಳಗಿನ ಜಾವದಲ್ಲಿ ಪ್ರಾಣಾಧಾರವಾಗುವುದು ಈ ಮೇದೋದಹನವೇ. ಅನ್ನ ಸಿಕ್ಕದ ಜಠರಾಗ್ನಿಯು ಶರೀರವನ್ನೇ ಕ್ರಮವಾಗಿ ಆಹಾರಮಾಡಿಕೊಳ್ಳುವುದೆಂಬ ಅಭಿಪ್ರಾಯವು ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ ಉಂಟು. ಇದನ್ನು ಕಂಡು, ಕಿಣ್ವಗಳೂ ನಮ್ಮವರಿಗೆ ತಿಳಿದಿದ್ದವೆಂದು ಸಾಧಿಸಹೊರಡುವವರು ಈಚೆಗೆ ಹೆಚ್ಚುತ್ತಿದ್ದಾರೆ. ಅದು ವಾಗ್ಭಟನಿಗೆ ಮಾಡುವ ಗೌರವವಲ್ಲ. ಆತನು ನೋಡಿದುದನ್ನು ಆತನು ಹೇಳಿದನು. ನೋಡದುದನ್ನು ಆತನ ಬಾಯಲ್ಲಿ ತುರುಕುವುದು ವ್ಯಾಖ್ಯಾನಧರ್ಮಕ್ಕೆ ವಿರುದ್ಧ.

ಪ್ರಕೃತವನ್ನನುಸರಿಸೋಣ. ೧೯೬೩ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ರೋಗಶಾಸ್ತ್ರಜ್ಞರಾದ ರೈ ಎಂಬವರು ಮಕ್ಕಳ ಒಂದು ಘೋರವ್ಯಾಧಿಯನ್ನು ವರ್ಣಿಸಿದರು. ಸಾಮಾನ್ಯ ಜ್ವರದ ಬೆನ್ನಿಗೆ ವಾಂತಿ, ಮಂಪರು, ಅಪಸ್ಮಾರದಂತಹ ಸೆಳೆತ, ಪ್ರಜ್ಞಾನಾಶ. ಮೃತರಾದವರ ಯಕೃತ್ತಿನಲ್ಲಿ ಕೊಬ್ಬು ತುಂಬಿರುವುದು. ಈ ವ್ಯಾಧಿಗೆ ರೈ ಅವರ ಹೆಸರೇ ನಿಂತಿತು. ಇದಲ್ಲದೆ, ಆರೋಗ್ಯವಾಗಿದ್ದ ಹಸುಗೂಸು ತೊಟ್ಟಿಲಲ್ಲಿ ನಿಷ್ಕಾರಣವಾಗಿ ಸತ್ತಿರುವುದು ಕಂಡುಬಂದರೆ ಅದನ್ನು ಐರೋಪ್ಯರು ತೊಟ್ಟಿಲಮರಣವೆಂದು ದಾಖಲೆಮಾಡುತ್ತಿದ್ದರು. ಈ ಎರಡು ಹೆಸರುಗಳ ಕೆಳಗೆ ಮಧ್ಯಮಕಿಣ್ವವಿಲ್ಲದ ಕೆಲವು ಶಿಶುಗಳೂ ಅಡಗಿದ್ದವು. ಹೆಸರೊಂದು ಸಿಕ್ಕಿದೊಡನೆ ವಿಚಾರವು ಮುಗಿಯಿತೆಂದು ತಿಳಿಯುವುದು ಎಲ್ಲ ಶಾಸ್ತ್ರಗಳಲ್ಲಿಯೂ ಇರುವ ದೋಷ. ವೈದ್ಯದಲ್ಲಿ ಮಾತ್ರ ಅದರ ಬೆಲೆಯನ್ನು ತೆರುವವರು ಬೇರೆಯವರು. ಒಂದೇ ಮನೆಯಲ್ಲಿ ಎರಡನೆಯ ಮಗುವೂ ಹಾಗೆಯೇ ಸತ್ತಾಗ ತಾಯಿತಂದೆಗಳ ಪಾಡೇನಾಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಈ ದೋಷವು ತಂದೆತಾಯಿಗಳಿಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿಯು ಬಂದಾಗಲೇ ವ್ಯಕ್ತವಾಗುವಂತಹುದು. ಒಂದು ಪ್ರತಿ ಕೆಟ್ಟ ಅವರು ಸ್ವತಃ ಆರೋಗ್ಯವಂತರು; ಅವರ ಮಕ್ಕಳಲ್ಲಿ ಸರಾಸರಿ ನಾಲ್ವರಲ್ಲೊಬ್ಬರಿಗೆ ಎರಡೂ ಕೆಟ್ಟ ಪ್ರತಿಗಳು ಬರುವುವು.

ಬೆಳಕು ಮತ್ತೆ ಮೂತ್ರಪರೀಕ್ಷೆಯಿಂದಲೇ ಬಂದಿತು. ಡೆನ್ಮಾರ್ಕಿನ ಓರ್‌ಹುಸ್ ನಗರದ ನೀಲ್ಸ್ ಗ್ರೆಗರ್ಸನ್ ಮತ್ತು ಸಹಚರರು ೧೯೭೬ರಲ್ಲಿ, ಒಬ್ಬ ರೋಗಿಯ ಮೂತ್ರದಲ್ಲಿ ನಡುವಳತೆಯ ಸರಪಣಿಗಳು ಎರಡು ತುದಿಯಲ್ಲಿಯೂ ಆಮ್ಲವಾಗಿ ಮಾರ್ಪಟ್ಟು, ಗ್ಲೈಸೀನ್ ಎಂಬುದರೊಡನೆ ಕೂಡಿ ಹೊರಬರುತ್ತಿರುವುದನ್ನು ವರ್ಣಿಸಿದರು. ಒಳದಾರಿ ಕಟ್ಟಿದ್ದರಿಂದ ಶರೀರವು ಹಿತ್ತಲಬಾಗಿಲಿಂದ ಅವನ್ನು ಹೊರದೂಡುತ್ತಿದ್ದಿತು. ೧೯೮೨–೮೩ರಲ್ಲಿ ಡೆನ್ಮಾರ್ಕಿನವರೂ ಅಮೆರಿಕದ ಅಯೋವಾ, ಫಿಲಡೆಲ್ಫಿಯ ಮೊದಲಾದ ಕಡೆಗಳ ವೈದ್ಯರೂ ಇಂತಹ ಮಕ್ಕಳ ಜೀವಕೋಶಗಳಲ್ಲಿ ಮಧ್ಯಮಕಿಣ್ವವೇ ಇಲ್ಲವೆಂದು ತೋರಿಸಿದರು. ರಕ್ತದಲ್ಲಿ ಸಕ್ಕರೆಯು ಇಳಿದಿದ್ದರೂ ಅದಕ್ಕೆ ತಕ್ಕಷ್ಟು ಕೀಟೋನುಗಳಿಲ್ಲದಿರುವುದು ಇದರ ಮುಖ್ಯ ಲಕ್ಷಣ. ರೋಗವು ಪತ್ತೆಯಾಗುವ ಮೊದಲೇ ಇಂತಹ ಸಂಕಟಕ್ಕೆ ಸಿಕ್ಕ ಮಕ್ಕಳಲ್ಲಿ ಐವರಲ್ಲೊಬ್ಬರು, ಕೆಲವು ಗಣನೆಗಳಂತೆ ನಾಲ್ವರಲ್ಲೊಬ್ಬರು, ಉಳಿಯುತ್ತಿರಲಿಲ್ಲ. ಚಿಕಿತ್ಸೆಯಾದರೋ ಆಶ್ಚರ್ಯಕರವಾಗಿ ಸುಲಭ: ಮಗುವನ್ನು ಬಹುಹೊತ್ತು ಉಪವಾಸವಿಡಕೂಡದು, ಕಾಯಿಲೆ ಬಿದ್ದು ಊಟಬಿಟ್ಟರೆ ಸಕ್ಕರೆನೀರನ್ನು ಕುಡಿಸಬೇಕು, ವಾಂತಿಯಾದರೆ ತಡಮಾಡದೆ ರಕ್ತನಾಳದ ಮೂಲಕ ಗ್ಲೂಕೋಸನ್ನು ಕೊಡಬೇಕು.

ಇಲ್ಲಿ ಈ ಚರಿತ್ರೆಗೆ ಒಂದು ಉಪನದಿಯು ಬಂದು ಸೇರುತ್ತದೆ. ವೆಸ್ಟ್ ಇಂಡೀಸಿನ ಜಮೈಕ ದ್ವೀಪದಲ್ಲಿ ಅಕೀ ಎಂಬ ಹಣ್ಣು ಪ್ರಸಿದ್ಧವಾದ ಆಹಾರ. ಮೂಲತಃ ಪಶ್ಚಿಮ ಆಫ್ರಿಕದಿಂದ ಬಂದುದು. ಮರದಲ್ಲಿ ತಾನಾಗಿ ಬಾಯಿಬಿಡುವ ಮುನ್ನ ಅದನ್ನು ತಿಂದವರಿಗೆ, ವಿಶೇಷವಾಗಿ ಬಡ ಮಕ್ಕಳಿಗೆ, ವಾಂತಿ, ಸೆಳೆತ, ಪ್ರಜ್ಞಾನಾಶಗಳಾಗಿ ಸಾವು ಸಂಭವಿಸುತ್ತಿತ್ತು. ಇದು ಅಕೀಹಣ್ಣಿನ ದೋಷವೆಂದು ಸ್ಕಾಟ್ ಎಂಬ ವೈದ್ಯರು ೧೯೧೬ರಲ್ಲಿಯೇ ಹೇಳಿದ್ದರು. ಆ ವಿಷವನ್ನು ೧೯೫೪ರಲ್ಲಿ ಜಮೈಕದ ವಿಶ್ವವಿದ್ಯಾಲಯ ಕಾಲೇಜಿನ ಹ್ಯಾಸಲ್ ಮೊದಲಾದವರು ಬೇರ್ಪಡಿಸಿ, ಅದು ರಕ್ತದ ಸಕ್ಕರೆಯನ್ನು ಇಳಿಸುವುದರಿಂದ ಹೈಪೊಗ್ಲೈಸಿನ್ ಎಂದು ಹೆಸರಿಟ್ಟರು. ಅದು ಹೇಗೆ ಕೊಲ್ಲುವುದೆಂಬುದನ್ನು ಬಿಡಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದಲ್ಲಿದ್ದ ಜಪಾನೀ ವಿದ್ವಾಂಸರಾದ ಕೇ ತನಾಕ. ಹೈಪೊಗ್ಲೈಸಿನ್ನು ದೇಹದಲ್ಲಿ ರೂಪಾಂತರಹೊಂದಿ ಅಸೈಲ್-ಕೋಎ ಡಿಹೈಡ್ರೋಜಿನೇಸುಗಳಿಗೆ ಅಂಟಿಕೊಂಡು ಅವನ್ನು ನಿಷ್ಕ್ರಿಯಗೊಳಿಸುವುದು. ಜಮೈಕದ ಇಬ್ಬರು ರೋಗಿಗಳ ಮೂತ್ರದಲ್ಲಿಯೂ ಎರಡು ತುದಿಯ ಆಮ್ಲಗಳೇ ಹೇರಳವಾಗಿದ್ದುವೆಂದು ತನಾಕ ಮತ್ತು ಸಹಚರರು ಪ್ರಕಟಿಸಿದ್ದು ೧೯೭೬ರಲ್ಲಿ; ಅಂದರೆ ಡೆನ್ಮಾರ್ಕಿನ ಲೇಖನವು ಬಂದ ವರ್ಷದಲ್ಲಿಯೇ. ಒಂದು ಕಡೆ ಹುಟ್ಟಿನಿಂದ ಬಂದ ಅಭಾವ. ಇನ್ನೊಂದು ಕಡೆ ಹಣ್ಣಿನಿಂದ ಬಂದ ಪ್ರತಿಬಂಧ. ನಮ್ಮ ಶಾಸ್ತ್ರಗಳ ಪರಿಭಾಷೆಯಲ್ಲಿ ಹೇಳುವುದಾದರೆ ಕಾರಣಾಭಾವದಿಂದಾಗಲಿ ಪ್ರತಿಬಂಧಕಸದ್ಭಾವದಿಂದಾಗಲಿ ಕಾರ್ಯವು ಹುಟ್ಟದು.

ವಂಶವಾಹಿಯ ಶೋಧನೆಯಲ್ಲಿಯೂ ಈ ತನಾಕ ಅವರ ಹೆಸರು ಬರುವುದು. ಯೇಲ್ ವಿಶ್ವವಿದ್ಯಾಲಯದಲ್ಲಿ ಅವರ ಬಳಗವು ೧೯೮೬ರಲ್ಲಿ ಇದರ ಸ್ಥಾನವು ಒಂದನೆಯ ವರ್ಣತಂತುವೆಂದು ನಿರ್ಣಯಿಸಿತು. ೧೯೮೭ರಲ್ಲಿ ಸೇಂಟ್ ಲೂಯಿಯ ಕೆಲಿ, ಸ್ಟ್ರಾಸ್ ಮೊದಲಾದವರು ಇದರ ಪೂರ್ಣಪಾಠವನ್ನು ಓದಿದರು. ಅದರಂತೆ ಈ ಕಿಣ್ವವು ಮೊದಲು ೪೨೧ ಅಮೈನೋ ಆಮ್ಲಗಳುಳ್ಳದ್ದಾಗಿ ಹುಟ್ಟಿ, ಮೈಟೊಕಾಂಡ್ರಿಯದ ಬಾಗಿಲು ದಾಟಿದ ಮೇಲೆ ಮೊದಲಿನ ೨೫ನ್ನು ಕಳೆದುಕೊಂಡು ೩೯೬ ಉಳಿಸಿಕೊಳ್ಳುವುದು. ಇಂತಹ ನಾಲ್ಕು ಘಟಕಗಳು ಕೂಡಿದರೆ ಒಂದು ಪೂರ್ಣಕಿಣ್ವ. ೧೯೯೦ರಲ್ಲಿ ಹಲವು ಪ್ರಯೋಗಶಾಲೆಗಳವರು ಪ್ರತ್ಯೇಕವಾಗಿ ಪರೀಕ್ಷಿಸಿ ಒಂದೇ ತಪ್ಪನ್ನು ಕಂಡರು: ೯೮೫ನೆಯ ಅಕ್ಷರದಲ್ಲಿ ‘ಎ’ ಇರಬೇಕಾದಲ್ಲಿ ‘ಜಿ’. ಇದರಿಂದ ಲೈಸೀನಿನ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವು ಬರುವುದು. ರೋಗದ ಲಕ್ಷಣಗಳಿಂದ ಪತ್ತೆಯಾದ ಐರೋಪ್ಯ ಮೂಲದ ರೋಗಿಗಳಲ್ಲಿ ಸುಮಾರು ನೂರಕ್ಕೆ ಎಂಬತ್ತು ಮಂದಿಗೆ ಎರಡು ಪ್ರತಿಗಳಲ್ಲಿಯೂ ಇದೇ ತಪ್ಪು.

ಓಲೆಗರಿಯ ಗ್ರಂಥಗಳನ್ನು ಸಂಶೋಧಿಸುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಬೇರೆ ಊರುಗಳ ಹತ್ತು ಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಅಪಪಾಠವು ಕಂಡರೆ, ಹತ್ತು ಮಂದಿ ಲಿಪಿಕಾರರೂ ಅದೇ ಅಕ್ಷರದಲ್ಲಿ ಎಡವಿದರೆನ್ನುವುದಕ್ಕಿಂತ, ಒಬ್ಬನು ಎಡವಿದ ಮಾತೃಕೆಯಿಂದ ಇವೆಲ್ಲವೂ ಇಳಿದವೆನ್ನುವುದು ಲಾಘವ. ಆ ಅಪಪಾಠದ ಅಕ್ಕಪಕ್ಕದ ಪಂಕ್ತಿಗಳೂ ಹತ್ತರಲ್ಲಿಯೂ ಒಂದೇ ಬಗೆಯಾಗಿದ್ದರೆ ಸಂಶಯವೇ ಉಳಿಯದು. ವಂಶವಾಹಿಯಲ್ಲಿಯೂ ಹಾಗೆಯೇ ಆಗಿದೆ. ದೋಷವುಳ್ಳ ಪ್ರತಿಗಳ ಸುತ್ತಮುತ್ತಣ ಪಾಠಭೇದಗಳು ಒಂದೇ ಜಾತಿಯವಾದ್ದರಿಂದ, ಉತ್ತರಪಶ್ಚಿಮ ಯೂರೋಪಿನಲ್ಲಿ ಹಿಂದೆಂದೋ ಇದ್ದ ಒಬ್ಬ ಪೂರ್ವಜನಿಂದ ಇದು ಹರಡಿತೆಂದು ವಿದ್ವಾಂಸರು ನಿರ್ಣಯಿಸಿರುತ್ತಾರೆ. ಆ ಪ್ರಾಂತಗಳ ಜನರಲ್ಲಿ ೪೦ರಿಂದ ೧೦೦ ಮಂದಿಗೊಬ್ಬರು ಈ ಅಪಪಾಠದ ಒಂದು ಪ್ರತಿಯನ್ನು ಹೊತ್ತಿರುತ್ತಾರೆ. ನಮ್ಮ ದೇಶದಲ್ಲಿ ಇದು ಅತಿವಿರಳ. ಈ ತಪ್ಪು ಕಿಣ್ವವು ಕೆಲಸಮಾಡುವ ಮರ್ಮಸ್ಥಾನದಲ್ಲಿಲ್ಲವೆಂಬುದೂ ಗಮನಾರ್ಹ. ಅರ್ಥಕೊಡುವ ಪದವು ಕೆಡಲಿಲ್ಲ, ಸಂಧಿಯು ಕೆಟ್ಟಿತು: ಘಟಕಗಳು ಸರಿಯಾಗಿ ಮಡಿಸಿಕೊಂಡು ನಾಲ್ಕಾಗಿ ಕೂಡಲಾರದೆ ನಶಿಸಿಹೋಗುತ್ತವೆ. ಇನ್ನೊಂದು ಸೂಚನೆ. ಹಳೆಯ ಲೇಖನಗಳು ಈ ಸ್ಥಾನವನ್ನು ೩೦೪ ಎಂದೂ, ಹೊಸವು ೩೨೯ ಎಂದೂ ಹೇಳುತ್ತವೆ. ಕಳಚಿಬೀಳುವ ಆ ೨೫ನ್ನು ಬಿಟ್ಟು ಎಣಿಸಿದರೆ ಒಂದು, ಸೇರಿಸಿ ಎಣಿಸಿದರೆ ಇನ್ನೊಂದು. ಮಂಗಳಶ್ಲೋಕಗಳನ್ನು ಎಣಿಕೆಗೆ ಸೇರಿಸುವ ಮತ್ತು ಬಿಡುವ ಸಂಪಾದಕರ ನಡುವೆ ನಮ್ಮಲ್ಲಿ ಇರುವ ಭೇದವೇ ಇದು. ಎರಡು ದೋಷಗಳೆಂದು ಯಾರೂ ಭ್ರಮಿಸಕೂಡದು.

ಮೂಲವು ತಿಳಿದಮೇಲೆ, ರೋಗವು ತೋರುವುದಕ್ಕೆ ಮೊದಲೇ ಹಿಡಿಯುವುದು ಹೇಗೆಂಬ ಪ್ರಶ್ನೆ ಉಳಿದಿದ್ದಿತು. ಉತ್ತರ ಕ್ಯಾರೊಲೈನದ ಡ್ಯೂಕ್ ವಿಶ್ವವಿದ್ಯಾಲಯದ ಮಿಲಿಂಗ್ಟನ್ ಮತ್ತು ಸಹಚರರು ೧೯೯೦ರಲ್ಲಿ, ಅಣುಗಳನ್ನು ತೂಕದಿಂದ ಬೇರ್ಪಡಿಸುವ ಯಂತ್ರವೊಂದರಿಂದ, ನವಜಾತಶಿಶುವಿನ ಹಿಮ್ಮಡಿಯಿಂದ ತೆಗೆದು ಕಾಗದದಲ್ಲಿ ಒಣಗಿಸಿದ ರಕ್ತದ ಚುಕ್ಕೆಯಲ್ಲಿ ಎಂಟು ಇಂಗಾಲದ ಅಜಾಮ್ಲವು ಅತಿಯಾಗಿದೆಯೇ ಎಂದು ನೋಡಬಹುದೆಂದು ತೋರಿಸಿದರು. ಇಂಗ್ಲೆಂಡಿನಲ್ಲಿ ೨೦೦೯ರಿಂದ ಎಲ್ಲ ಶಿಶುಗಳಿಗೂ ಈ ಪರೀಕ್ಷೆಯಾಗುತ್ತಿದೆ. ಅಲ್ಲಿ ಸುಮಾರು ೧೦,೦೦೦ ಶಿಶುಗಳಲ್ಲಿ ಒಂದಕ್ಕೆ ದೋಷವು ಕಾಣುವುದು. ಮೊದಲೇ ತಿಳಿದ ಮನೆಗಳಲ್ಲಿ ಮರಣವು ಬಹಳ ಕಡಿಮೆಯಾಗಿದೆ.

ಇಷ್ಟಕ್ಕೆ ಇದು ಪರದೇಶದ ಕಥೆಯೆಂದು ಪುಸ್ತಕವನ್ನು ಮುಚ್ಚಬಹುದಾಗಿತ್ತು. ಆದರೆ ಅಕೀಹಣ್ಣು ಯಾವ ಸಸ್ಯಕುಲದ್ದೋ ನಮ್ಮ ಅಂಟುವಾಳವೂ ಅದೇ ಕುಲದ್ದು. ಆ ಕುಲದ ಲ್ಯಾಟಿನ್ ಹೆಸರಿನಲ್ಲಿಯೇ ‘ಹಿಂದೂದೇಶದ ಸಾಬೂನು’ ಎಂಬರ್ಥವು ಅಡಗಿದೆ. ಲೀಚಿಯೂ ಈ ಕುಲದ್ದೇ. ಅದರ ಬೀಜದಲ್ಲಿ ಹೈಪೊಗ್ಲೈಸಿನ್ನಿನ ಸೋದರವಾದ ವಿಷವೊಂದಿರುವುದನ್ನು ಗ್ರೇ ಮತ್ತು ಫೌಡನ್ ಎಂಬವರು ೧೯೬೨ರಲ್ಲಿಯೇ ತೋರಿಸಿದ್ದರು. ಬಿಹಾರದ ಮುಜಫರಪುರವು ಲೀಚಿಯ ತೋಟಗಳಿಗೆ ಹೆಸರಾದ ಸೀಮೆ. ಅಲ್ಲಿ ೧೯೯೫ರಿಂದ ಮೇ, ಜೂನ್ ತಿಂಗಳುಗಳಲ್ಲಿ, ಹಿಂದಿನ ದಿನ ಆಡಿಕೊಂಡಿದ್ದ ಮಕ್ಕಳು ಬೆಳಗಿನ ಜಾವದಲ್ಲಿ ಚೀರಿ, ಸೆಳೆತಬಂದು, ಎಚ್ಚರದಪ್ಪುವ ವ್ಯಾಧಿಯು ಕಾಣುತ್ತಿದ್ದಿತು. ಜನರು ಇದನ್ನು ಚಮ್ಕೀ ಜ್ವರವೆಂದರು. ವೈದ್ಯರಲ್ಲಿ ಕೆಲವರು ಮಿದುಳಿನ ವೈರಾಣುವೆಂದರು, ಕೆಲವರು ಬಿಸಿಲೆಂದರು, ಕೆಲವರು ಕೀಟನಾಶಕವೆಂದರು. ವೆಲ್ಲೂರಿನ ವೈರಾಣುಶಾಸ್ತ್ರಜ್ಞರಾದ ಟಿ. ಜೇಕಬ್ ಜಾನ್ ಅವರು ಮುಕುಲ್ ದಾಸ್ ಅವರೊಡನೆ ೨೦೧೪ರಲ್ಲಿ, ಇದು ಜಮೈಕದ ವ್ಯಾಧಿಯ ಜಾತಿಯದಿರಬಹುದೆಂದು ಬರೆದರು. ಅದೇ ವರ್ಷ ಭಾರತದ ಮತ್ತು ಅಮೆರಿಕದ ರೋಗನಿಯಂತ್ರಣಸಂಸ್ಥೆಗಳವರು ಕೂಡಿ ಅಲ್ಲಿ ಪರೀಕ್ಷೆ ನಡೆಸಿದರು. ಎರಡು ಆಸ್ಪತ್ರೆಗಳಿಗೆ ಬಂದ ೩೯೦ ಮಕ್ಕಳಲ್ಲಿ ೧೨೨ ಮಂದಿ ತೀರಿಕೊಂಡಿದ್ದರು. ಪರೀಕ್ಷಿಸಿದ ೭೩ ರೋಗಿಗಳ ಮೂತ್ರದಲ್ಲಿ ೪೮ರಲ್ಲಿ ಲೀಚಿಯ ವಿಷಗಳ ಗುರುತು ಸಿಕ್ಕಿತು. ಹೋಲಿಕೆಗಾಗಿ ತೆಗೆದುಕೊಂಡ ಇತರ ಮಕ್ಕಳಲ್ಲಿ ಒಬ್ಬರಲ್ಲಿಯೂ ಸಿಕ್ಕಲಿಲ್ಲ. ರೋಗಿಗಳ ರಕ್ತದಲ್ಲಿ, ಇಂಗ್ಲೆಂಡಿನ ಶಿಶುಗಳಲ್ಲಿ ಹುಡುಕುವಂತಹ ಸುಡದುಳಿದ ಸರಪಣಿಗಳೇ ಹೆಚ್ಚಾಗಿದ್ದವು. ಈ ವಿಷಗಳು ಮಧ್ಯಮಕಿಣ್ವವೊಂದನ್ನೇ ಅಲ್ಲದೆ ಅದೇ ದಾರಿಯ ಬೇರೆ ಕಿಣ್ವಗಳನ್ನೂ ಕೆಡಿಸುತ್ತವೆ. ಆದುದರಿಂದ ಎರಡು ವ್ಯಾಧಿಗಳೂ ಸರ್ವಾಂಶದಲ್ಲಿ ಒಂದೇ ಎನ್ನಲಾಗದು. ದಾರಿ ಮಾತ್ರ ಒಂದೇ, ಅದು ಕಟ್ಟುವ ಹೊತ್ತೂ ಒಂದೇ.

೨೦೧೭ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಇನ್ನೊಂದು ಅಂಶವಿದೆ. ನಮ್ಮ ಅಭಿಪ್ರಾಯದಲ್ಲಿ ಅದೇ ಮುಖ್ಯ. ಲೀಚಿಯನ್ನು ತಿಂದ ಮಕ್ಕಳು ಬಹುಮಂದಿ, ಎಲ್ಲರೂ ಬೀಳಲಿಲ್ಲ. ರೋಗಿಗಳಲ್ಲಿ ಹಿಂದಿನ ರಾತ್ರಿ ಊಟವಿಲ್ಲದೆ ಮಲಗಿದವರು ಇತರರಿಗಿಂತ ಹೆಚ್ಚು. ಹಗಲೆಲ್ಲ ತೋಟದಲ್ಲಿ ಉದುರಿದ ಹಣ್ಣನ್ನು ತಿಂದು, ಹಸಿವಿಲ್ಲವೆಂದೋ ಮನೆಯಲ್ಲಿ ಅನ್ನವಿಲ್ಲವೆಂದೋ ಮಲಗಿದ ಮಗುವಿಗೆ ಯಕೃತ್ತಿನ ಸಕ್ಕರೆಯು ಬೇಗ ತೀರುವುದು. ಆಮೇಲೆ ಕೊಬ್ಬನ್ನು ಸುಡಹೊರಟಾಗ ವಿಷವು ಅಡ್ಡನಿಲ್ಲುವುದು. ಓರ್‌ಹುಸ್ ನಗರದ ಮಗುವಿನ ದಾರಿಯನ್ನು ಪೂರ್ವಜನ ಒಂದು ಅಕ್ಷರವು ಕಟ್ಟಿತ್ತು. ಮುಜಫರಪುರದ ಮಗುವಿನ ದಾರಿಯನ್ನು ಹಣ್ಣು ಕಟ್ಟಿತು, ಆದರೆ ಆ ದಾರಿಗೆ ಮಗುವನ್ನು ತಂದು ನಿಲ್ಲಿಸಿದ್ದು ಹಸಿವು. ಮಕ್ಕಳಿಗೆ ರಾತ್ರಿ ಊಟವನ್ನು ತಪ್ಪಿಸಬಾರದು, ಲೀಚಿಯನ್ನು ಮಿತವಾಗಿ ಕೊಡಬೇಕು, ಸೆಳೆತ ಬಂದೊಡನೆ ರಕ್ತದ ಸಕ್ಕರೆಯನ್ನು ನೋಡಿ ಸರಿಪಡಿಸಬೇಕೆಂದು ಪರೀಕ್ಷಕರು ವಿಧಿಸಿದರು. ಮುಂದಿನ ಕೆಲವು ವರ್ಷಗಳಲ್ಲಿ ರೋಗಿಗಳ ಸಂಖ್ಯೆಯು ಇಳಿಯಿತು. ೨೦೧೯ರ ಜೂನ್ ತಿಂಗಳಲ್ಲಿ ಅದು ಮತ್ತೆ ಏರಿ, ಆ ಸೀಮೆಯಲ್ಲಿ ನೂರಕ್ಕೂ ಮಿಕ್ಕಿ ಮಕ್ಕಳು ತೀರಿಕೊಂಡರು.